ಪೆನ್‌ಡ್ರೈವ್ ವಿಂಡೋಸ್‌ನಲ್ಲಿ ತೆರೆಯುತ್ತದೆ, ಆದರೆ ಅದರಿಂದ ಬೂಟ್ ಆಗುತ್ತಿಲ್ಲ

ಪೆನ್‌ಡ್ರೈವ್_ಪೀಡಿತ:
ಎಲ್ಲರಿಗೂ ನಮಸ್ಕಾರ. ನನ್ನ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 10 ಇದೆ. 2025ರ ಅಕ್ಟೋಬರ್ 14ಕ್ಕೆ ಅದರ ಬೆಂಬಲ ಮುಗಿಯಿತು. ಈ ಯಂತ್ರಕ್ಕೆ ವಿಂಡೋಸ್ 11 ಆಗುವುದಿಲ್ಲ ಅಂತ ಪರೀಕ್ಷೆಯಲ್ಲೇ ಗೊತ್ತಾಯಿತು. ಅದಕ್ಕೆ ಲಿನಕ್ಸ್ ಮಿಂಟ್ ಅನ್ನುವ ಬೇರೆ ಆಪರೇಟಿಂಗ್ ಸಿಸ್ಟಮ್ ಹಾಕೋಣ ಅಂತ ಹೊರಟಿದ್ದೇನೆ.

128 ಜಿಬಿ ಪೆನ್‌ಡ್ರೈವ್ ಇದೆ. ಯಂತ್ರ ಅದರಿಂದಲೇ ಶುರುವಾಗುವ (ಬೂಟ್ ಆಗುವ) ಹಾಗೆ, ರೂಫಸ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಐಎಸ್‌ಒ (ಮಿಂಟ್ ಪೂರ್ತಿ ಇರುವ ಇಮೇಜ್ ಫೈಲ್) ಬರೆದೆ, 'ರೆಡಿ' ಅಂತ ಹಸಿರು ಪಟ್ಟಿ ಬಂತು. ವಿಂಡೋಸ್‌ನಲ್ಲಿ ತೆರೆದರೆ ಒಳಗೆ ಫೋಲ್ಡರ್‌ಗಳು ಕಾಣಿಸುತ್ತವೆ. ಆದರೆ ರೀಸ್ಟಾರ್ಟ್ ಮಾಡಿದರೆ ಪೆನ್‌ಡ್ರೈವ್ ಇದ್ದದ್ದೇ ಗೊತ್ತಿಲ್ಲ ಅನ್ನುವ ಹಾಗೆ ಸೀದಾ ವಿಂಡೋಸ್‌ಗೆ ಹೋಗುತ್ತದೆ. ಒಂದು ವಿಡಿಯೊದಲ್ಲಿ ಹೇಳಿದರು ಅಂತ ಸೆಕ್ಯೂರ್ ಬೂಟ್ (ಒಪ್ಪಿಗೆಯ ಸಹಿ ಇಲ್ಲದ್ದನ್ನು ಬೂಟ್ ಆಗಲು ಬಿಡದ ಭದ್ರತೆ) ಆಫ್ ಮಾಡಿದ್ದೇನೆ. ಬೂಟ್ ಆರ್ಡರ್‌ನಲ್ಲಿ ಯುಎಸ್‌ಬಿಯನ್ನು ಮೇಲಕ್ಕೂ ಏರಿಸಿದ್ದೇನೆ. ಇನ್ನೇನು ಮಾಡಬೇಕು?

ರೀಸ್ಟಾರ್ಟ್_ರಾಯ:
ಬಯೋಸ್‌ಗೆ (ಯಂತ್ರದ ಬೂಟ್ ಸೆಟ್ಟಿಂಗ್‌ಗಳ ಪರದೆ) ಹೋಗಿ ಲೆಗಸಿ ಮೋಡ್ (ಬೂಟ್ ಆಗುವ ಹಳೇ ವಿಧಾನ) ಆನ್ ಮಾಡಿ ಗುರು. 2 ನಿಮಿಷದ ಕೆಲಸ. ನನಗೆ ಯಾವತ್ತೂ ಕೈಕೊಟ್ಟಿಲ್ಲ.

ಟಕ್ಸ್_ಗೆಳತಿ:
ತಡೀರಿ, ಇನ್ನೊಂದು ಸೆಟ್ಟಿಂಗ್ ಮುಟ್ಟುವ ಮುಂಚೆ ಒಂದು ಕೆಲಸ ಮಾಡಿ. ನಿಮ್ಮ ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಅಥವಾ 'ಡಿವೈಸ್ ಎನ್‌ಕ್ರಿಪ್ಶನ್' (ಡಿಸ್ಕಿನ ಡೇಟಾಗೆ ಬೀಗ ಹಾಕುವ ಸೌಲಭ್ಯ) ಆನ್ ಇದೆಯಾ ನೋಡಿ. ಇದ್ದರೆ 48 ಅಂಕಿಯ ರಿಕವರಿ ಕೀಯನ್ನು ಬೇರೆ ಕಡೆ ಬರೆದಿಟ್ಟುಕೊಳ್ಳಿ. ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆಗಿದ್ದರೆ ಸಾಮಾನ್ಯವಾಗಿ ಅಲ್ಲೇ ಸಿಗುತ್ತದೆ.

ಸೆಕ್ಯೂರ್ ಬೂಟ್ ಆನ್-ಆಫ್ ಮಾಡಿದಾಗ ಬಿಟ್‌ಲಾಕರ್‌ಗೆ ಅನುಮಾನ ಬಂದು ಕೀ ಕೇಳಬಹುದು. ಆ ನೀಲಿ ಪರದೆಯ ಮುಂದೆ ಕೂತು ಕೀ ಎಲ್ಲಿದೆ ಅಂತ ಹುಡುಕುವವರನ್ನು ಇಲ್ಲಿ ಬೇಕಾದಷ್ಟು ನೋಡಿದ್ದೇವೆ. ವಿಡಿಯೊದವರು ಇದನ್ನು ಮಾತ್ರ ಹೇಳುವುದಿಲ್ಲ.

ಹಳೇ_ಮದರ್‌ಬೋರ್ಡ್:
'ಬೂಟ್ ಆಗುತ್ತಿಲ್ಲ' ಅಂದರೆ ಏನೂ ಗೊತ್ತಾಗುವುದಿಲ್ಲ. ಎಲ್ಲಿ ನಿಂತಿತು ಅನ್ನುವುದು ಮುಖ್ಯ. ಪವರ್ ಒತ್ತಿದ ಮೇಲೆ ಮೂರು ಘಟ್ಟ ದಾಟಬೇಕು. ಮೊದಲು ಯಂತ್ರದ ಫರ್ಮ್‌ವೇರ್‌ಗೆ (ಮದರ್‌ಬೋರ್ಡ್‌ನಲ್ಲೇ ಇದ್ದು ಎಲ್ಲಕ್ಕಿಂತ ಮೊದಲು ಓಡುವ ಸಾಫ್ಟ್‌ವೇರ್) ಪೆನ್‌ಡ್ರೈವ್ ಕಾಣಬೇಕು. ಆಮೇಲೆ ಅದರೊಳಗಿನ ಬೂಟ್‌ಲೋಡರ್ ಶುರುವಾಗಬೇಕು, ಅಂದರೆ ಮೆನು ಬರಬೇಕು. ಕೊನೆಗೆ ಕರ್ನಲ್, ಅಂದರೆ ಸಿಸ್ಟಮ್‌ನ ತಿರುಳು, ಎದ್ದು ತನ್ನ ಫೈಲ್‌ಗಳನ್ನು ಅದೇ ಪೆನ್‌ಡ್ರೈವ್‌ನಿಂದ ಓದಿಕೊಳ್ಳಬೇಕು. ಒಂದೊಂದು ಘಟ್ಟದ ಕಾಯಿಲೆ ಬೇರೆ, ಔಷಧಿ ಬೇರೆ. ಮೊದಲನೇ ಘಟ್ಟದಲ್ಲೇ ನಿಂತವರಿಗೆ ಮೂರನೇದರ ಔಷಧಿ ಕೊಟ್ಟರೆ ಪ್ರಯೋಜನ ಇಲ್ಲ.

ನಿಮ್ಮದು ಮೊದಲನೇ ಘಟ್ಟದ ತೊಂದರೆಯ ಹಾಗೆ ಕಾಣುತ್ತದೆ. ಬೂಟ್ ಆರ್ಡರ್ ಬಿಡಿ. ಒಂದು ಸಲಕ್ಕೆ ಮಾತ್ರ ಆಯ್ಕೆ ಮಾಡುವ ಬೂಟ್ ಮೆನು ಇರುತ್ತದಲ್ಲ, ಅದನ್ನು ತೆರೆಯಿರಿ. ಡೆಲ್, ಲೆನೊವೊ, ಏಸರ್‌ನಲ್ಲಿ ಹೆಚ್ಚಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಆಸುಸ್ ಲ್ಯಾಪ್‌ಟಾಪ್‌ಗಳಲ್ಲಿ ಎಸ್ಕೇಪ್. ಏಸರ್ ಆದರೆ ಎಫ್12 ಬೂಟ್ ಮೆನು ಅನ್ನುವುದನ್ನೇ ಬಯೋಸ್‌ನಲ್ಲಿ ಮೊದಲು 'ಎನೇಬಲ್' ಮಾಡಬೇಕಾಗಬಹುದು.

ಇನ್ನೊಂದು. ವಿಂಡೋಸ್‌ನಲ್ಲಿ 'ಶಟ್ ಡೌನ್' ಒತ್ತಿದರೆ ಅದು ಪೂರ್ತಿ ಮಲಗುವುದಿಲ್ಲ. ಫಾಸ್ಟ್ ಸ್ಟಾರ್ಟಪ್ ಇದ್ದರೆ ಕರ್ನಲ್‌ನ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಆಫ್ ಆಗುತ್ತದೆ. ಆದ್ದರಿಂದ 'ರೀಸ್ಟಾರ್ಟ್' ಒತ್ತಿ. ಅಥವಾ ಶಿಫ್ಟ್ ಹಿಡಿದುಕೊಂಡು ರೀಸ್ಟಾರ್ಟ್ ಒತ್ತಿದರೆ 'ಯೂಸ್ ಎ ಡಿವೈಸ್' ಅಂತ ಒಂದು ಆಯ್ಕೆ ಬರುತ್ತದೆ, ಕೀ ಹಿಡಿಯುವ ಪರದಾಟ ಇರುವುದಿಲ್ಲ. ಅಲ್ಲಿ ಏನೇನು ಕಾಣಿಸುತ್ತದೆ ಅಂತ ಅಕ್ಷರಶಃ ಬರೆಯಿರಿ.

ಪೆನ್‌ಡ್ರೈವ್_ಪೀಡಿತ:
ಮೇಡಂ, ಬಿಟ್‌ಲಾಕರ್ ಆಫ್ ಇದೆ. ನೋಡಿಕೊಂಡೆ.

ಸರ್, ಎಫ್12 ಮೆನು ಬಂತು. ಅಲ್ಲಿ ಒಂದೇ ಸಾಲು: 'ವಿಂಡೋಸ್ ಬೂಟ್ ಮ್ಯಾನೇಜರ್'. ಪೆನ್‌ಡ್ರೈವ್ ಹೆಸರೇ ಇಲ್ಲ. ಎರಡೂ ಕಡೆಯ ಪೋರ್ಟ್‌ಗಳಲ್ಲಿ ಹಾಕಿ ನೋಡಿದೆ.

ಅಷ್ಟರಲ್ಲಿ ರಾಯರು ಹೇಳಿದ್ದನ್ನೂ ಮಾಡಿದೆ. ಬೂಟ್ ಮೋಡ್ ಅನ್ನು 'ಲೆಗಸಿ' ಮಾಡಿದ ಕೂಡಲೇ ಪೆನ್‌ಡ್ರೈವ್ ಕಾಣಿಸಿತು, ಮಿಂಟ್ ಡೆಸ್ಕ್‌ಟಾಪ್ ಕೂಡ ಬಂತು! ಆದರೆ ಪೆನ್‌ಡ್ರೈವ್ ತೆಗೆದು ಆನ್ ಮಾಡಿದರೆ ಈಗ ವಿಂಡೋಸ್ ಬರುತ್ತಿಲ್ಲ. 'ನೋ ಬೂಟಬಲ್ ಡಿವೈಸ್' ಅನ್ನುತ್ತಿದೆ. ಡೇಟಾ ಹೋಯಿತಾ? ಕೈಕಾಲು ಆಡುತ್ತಿಲ್ಲ.

ರೀಸ್ಟಾರ್ಟ್_ರಾಯ:
ಮಿಂಟ್ ಬಂತಲ್ಲ, ಇನ್ನೇನು ಚಿಂತೆ? ಇನ್‌ಸ್ಟಾಲ್ ಮಾಡಿಬಿಡಿ.

ಟಕ್ಸ್_ಗೆಳತಿ:
ದಯವಿಟ್ಟು ಇನ್‌ಸ್ಟಾಲ್ ಮಾಡಬೇಡಿ. ಡೇಟಾ ಎಲ್ಲೂ ಹೋಗಿಲ್ಲ. ಬೂಟ್ ಮೋಡ್ ಅನ್ನು ವಾಪಸ್ 'ಯುಇಎಫ್‌ಐ' (ಬೂಟ್ ಆಗುವ ಹೊಸ ವಿಧಾನ) ಮಾಡಿ, ವಿಂಡೋಸ್ ಮೊದಲಿನ ಹಾಗೇ ಬರುತ್ತದೆ.

ನಿಮ್ಮ ವಿಂಡೋಸ್ ಯುಇಎಫ್‌ಐ ಮೋಡ್‌ನಲ್ಲಿ ಇನ್‌ಸ್ಟಾಲ್ ಆಗಿದೆ. ಲೆಗಸಿ ಮೋಡ್‌ನಲ್ಲಿ ಯಂತ್ರ ಡಿಸ್ಕಿನ ಮೊದಲ 512 ಬೈಟ್‌ಗಳಲ್ಲಿ ಬೂಟ್ ಕೋಡ್ ಇದೆಯಾ ಅಂತ ನೋಡುತ್ತದೆ. ನಿಮ್ಮ ವಿಂಡೋಸ್ ಅಲ್ಲಿ ಏನೂ ಇಟ್ಟಿಲ್ಲ, ಅದರ ಬೂಟ್‌ಲೋಡರ್ ಬೇರೆ ಪಾರ್ಟಿಶನ್‌ನಲ್ಲಿ (ಡಿಸ್ಕಿನ ಒಂದು ಭಾಗ) ಫೈಲ್ ಆಗಿ ಕೂತಿದೆ. ಸಿಗಲಿಲ್ಲ, ಅದಕ್ಕೇ 'ಬೂಟಬಲ್ ಡಿವೈಸ್ ಇಲ್ಲ' ಅಂದಿತು. ಅಷ್ಟೇ.

ಈಗ ಮಿಂಟ್ ಅನ್ನು ಲೆಗಸಿಯಲ್ಲಿ ಹಾಕಿದರೆ ಒಂದು ಮೋಡ್‌ನಲ್ಲಿ ವಿಂಡೋಸ್, ಇನ್ನೊಂದು ಮೋಡ್‌ನಲ್ಲಿ ಮಿಂಟ್. ಪ್ರತಿ ಸಲ ಬಯೋಸ್‌ಗೆ ಹೋಗಿ ಮೋಡ್ ಬದಲಿಸುತ್ತಾ ಕೂರಬೇಕಾಗುತ್ತದೆ. ಎರಡೂ ಒಂದೇ ಮೋಡ್‌ನಲ್ಲಿರಬೇಕು.

ಹಳೇ_ಮದರ್‌ಬೋರ್ಡ್:
ರಾಯರ ಸಲಹೆ ಪರಿಹಾರವಲ್ಲ, ಆದರೆ ಒಂದು ಒಳ್ಳೆಯ ಸುಳಿವು ಸಿಕ್ಕಿತು. ಲೆಗಸಿಯಲ್ಲಿ ಬರುತ್ತದೆ, ಯುಇಎಫ್‌ಐನಲ್ಲಿ ಹೆಸರೂ ಇಲ್ಲ. ಅಂದರೆ ಪೋರ್ಟ್ ಸರಿ ಇದೆ, ಪೆನ್‌ಡ್ರೈವ್ ಓದಲು ಬರುತ್ತಿದೆ. ಯುಇಎಫ್‌ಐಗೆ ಬೇಕಾದ ಫೈಲ್ ಮಾತ್ರ ಅದರಲ್ಲಿ ಇಲ್ಲ ಅನಿಸುತ್ತದೆ.

ಯುಇಎಫ್‌ಐ ಪೆನ್‌ಡ್ರೈವ್‌ನಲ್ಲಿ ಹುಡುಕುವುದು ಒಂದೇ ಜಾಗ. ಫ್ಯಾಟ್ ಫೈಲ್ ಸಿಸ್ಟಮ್ (ಫೈಲ್‌ಗಳನ್ನು ಜೋಡಿಸಿಡುವ ಒಂದು ವಿಧಾನ) ಇರುವ ಪಾರ್ಟಿಶನ್, ಅದರಲ್ಲಿ 'ಇಎಫ್‌ಐ' ಅನ್ನುವ ಫೋಲ್ಡರ್, ಅದರೊಳಗೆ 'ಬೂಟ್' ಫೋಲ್ಡರ್, ಅದರಲ್ಲಿ 'ಬೂಟ್‌ಎಕ್ಸ್64 ಡಾಟ್ ಇಎಫ್‌ಐ' ಅನ್ನುವ ಫೈಲ್. 64-ಬಿಟ್ ಪಿಸಿಗೆ ಈ ಹೆಸರು. ಈ ಫೈಲ್ ಇಲ್ಲದಿದ್ದರೆ ಎಷ್ಟೋ ಲ್ಯಾಪ್‌ಟಾಪ್‌ಗಳು ಪೆನ್‌ಡ್ರೈವ್ ಹೆಸರನ್ನೇ ಮೆನುವಿನಲ್ಲಿ ತೋರಿಸುವುದಿಲ್ಲ.

ವಿಂಡೋಸ್‌ಗೆ ವಾಪಸ್ ಹೋಗಿ ಪೆನ್‌ಡ್ರೈವ್ ತೆರೆದು, ಯಾವ ಯಾವ ಫೋಲ್ಡರ್ ಇವೆ ಬರೆಯಿರಿ. ಜೊತೆಗೆ ಡೌನ್‌ಲೋಡ್ ಮಾಡಿದ ಐಎಸ್‌ಒ ಫೈಲಿನ ಪೂರ್ತಿ ಹೆಸರು.

ನೀಲಿಪರದೆ:
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು ಉಲ್ಟಾ ಕತೆ. ಲಿನಕ್ಸ್ ಇದೆ, ವಿಂಡೋಸ್ 11 ಪೆನ್‌ಡ್ರೈವ್ ಮಾಡಬೇಕು. ಉಬುಂಟು (ಇನ್ನೊಂದು ಲಿನಕ್ಸ್) ಐಎಸ್‌ಒ ಬರೆಯುವ ಹಾಗೇ, ಇದ್ದದ್ದನ್ನು ಇದ್ದ ಹಾಗೇ ನಕಲು ಮಾಡುವ ಡಿಡಿ ಕಮಾಂಡ್‌ನಲ್ಲಿ ಬರೆದೆ. ಎರರ್ ಏನೂ ಬರಲಿಲ್ಲ. ಬೂಟ್ ಮಾತ್ರ ಆಗುವುದಿಲ್ಲ.

ಟಕ್ಸ್_ಗೆಳತಿ:
ಆಗುವುದಿಲ್ಲ. ಲಿನಕ್ಸ್ ಐಎಸ್‌ಒಗಳು ಹೆಚ್ಚಾಗಿ 'ಹೈಬ್ರಿಡ್' ಆಗಿರುತ್ತವೆ. ಡಿವಿಡಿಗೂ ಸರಿ, ಪೆನ್‌ಡ್ರೈವ್‌ಗೂ ಸರಿ ಅನ್ನುವ ಹಾಗೆ ಒಳಗೇ ಪಾರ್ಟಿಶನ್ ಟೇಬಲ್ ಸೇರಿಸಿರುತ್ತಾರೆ. ಅದಕ್ಕೇ ಡಿಡಿಯಲ್ಲಿ ಹಾಗ್ಹಾಗೇ ಬರೆದರೆ ನಡೆಯುತ್ತದೆ. ವಿಂಡೋಸ್ ಐಎಸ್‌ಒ ಹಾಗಲ್ಲ, ಬರೀ ಡಿವಿಡಿಯ ರೂಪದಲ್ಲೇ ಇರುತ್ತದೆ.

ಕೈಯಿಂದ ಮಾಡುವುದಾದರೆ ಪೆನ್‌ಡ್ರೈವ್‌ಗೆ ಫ್ಯಾಟ್32 ಹಾಕಿ, ಐಎಸ್‌ಒ ಒಳಗಿನ ಫೈಲ್‌ಗಳನ್ನೆಲ್ಲ ಕಾಪಿ ಮಾಡಿ. ಅಲ್ಲಿ ಒಂದು ತೊಡಕು ಬರುತ್ತದೆ. 'ಸೋರ್ಸಸ್' ಫೋಲ್ಡರ್‌ನಲ್ಲಿ 'ಇನ್‌ಸ್ಟಾಲ್ ಡಾಟ್ ವಿಮ್' ಅಂತ ದೊಡ್ಡ ಫೈಲ್ ಇದೆ. ಈಗಿನ ಐಎಸ್‌ಒಗಳಲ್ಲಿ ಅದು 4 ಜಿಬಿ ದಾಟಿರುತ್ತದೆ, ಫ್ಯಾಟ್32ನಲ್ಲಿ ಒಂದು ಫೈಲ್ 4 ಜಿಬಿ ಮೀರುವ ಹಾಗಿಲ್ಲ. 'ವಿಮ್‌ಲಿಬ್' ಅನ್ನುವ ಉಪಕರಣದಿಂದ ಅದನ್ನು ಎರಡು ತುಂಡು ಮಾಡಿ, 'ಎಸ್‌ಡಬ್ಲ್ಯುಎಂ' ಫೈಲ್‌ಗಳಾಗಿ ಅದೇ ಫೋಲ್ಡರ್‌ನಲ್ಲಿ ಇಟ್ಟರೆ ವಿಂಡೋಸ್ ಸೆಟಪ್ ತಾನೇ ಗುರುತಿಸಿಕೊಳ್ಳುತ್ತದೆ. ಇಷ್ಟೆಲ್ಲ ಬೇಡ ಅಂದರೆ ಪೆನ್‌ಡ್ರೈವ್‌ಗೆ ವೆಂಟಾಯ್ ಅನ್ನುವ ಉಪಕರಣ ಹಾಕಿ, ಐಎಸ್‌ಒ ಫೈಲನ್ನು ಸುಮ್ನೆ ಕಾಪಿ ಮಾಡಿ.

ರೀಸ್ಟಾರ್ಟ್_ರಾಯ:
ವೆಂಟಾಯ್ ಇರುವಾಗ ಬೇರೆಯದು ಯಾಕೆ ಅಂತ ನಾನು ಕೇಳುವುದು. ಒಂದೇ ಪೆನ್‌ಡ್ರೈವ್‌ನಲ್ಲಿ ಎಷ್ಟು ಐಎಸ್‌ಒ ಬೇಕಾದರೂ ಹಾಕಿಕೊಳ್ಳಬಹುದು. ಪೀಡಿತರೂ ಅದನ್ನೇ ಹಾಕಿ.

ಹಳೇ_ಮದರ್‌ಬೋರ್ಡ್:
ವೆಂಟಾಯ್ ನಾನೂ ಬಳಸುತ್ತೇನೆ, ದೂರು ಇಲ್ಲ. ಆದರೆ ತೊಂದರೆ ಎಲ್ಲಿದೆ ಅಂತ ಹುಡುಕುವ ಹೊತ್ತಿನಲ್ಲಿ ಮಧ್ಯೆ ಇನ್ನೊಂದು ಪದರ ಸೇರಿಸಿದರೆ ಗೊಂದಲ ಜಾಸ್ತಿ. ಸೆಕ್ಯೂರ್ ಬೂಟ್ ಆನ್ ಇದ್ದರೆ ಮೊದಲ ಸಲ ಕೀ ಸೇರಿಸುವ ನೀಲಿ ಪರದೆ ಬೇರೆ ಬರುತ್ತದೆ, ಹೊಸಬರು ಅಲ್ಲೇ ಗಾಬರಿಯಾಗುತ್ತಾರೆ. ಒಂದು ಪೆನ್‌ಡ್ರೈವ್, ಒಂದು ಐಎಸ್‌ಒ. ಅದು ಸರಿಯಾದ ಮೇಲೆ ಬೇಕಾದ್ದು ಮಾಡಿಕೊಳ್ಳಲಿ.

ಪೆನ್‌ಡ್ರೈವ್_ಪೀಡಿತ:
ವಿಂಡೋಸ್ ವಾಪಸ್ ಬಂತು ಮೇಡಂ, ಜೀವ ಬಂದ ಹಾಗಾಯಿತು.

ಪೆನ್‌ಡ್ರೈವ್‌ನಲ್ಲಿ ಕಾಣುವ ಫೋಲ್ಡರ್‌ಗಳಲ್ಲಿ ಬೂಟ್, ಕ್ಯಾಸ್ಪರ್, ಐಸೊಲಿನಕ್ಸ್, ಪೂಲ್ ಅನ್ನುವವು ಇವೆ. 'ಇಎಫ್‌ಐ' ಅನ್ನುವುದು ಇಲ್ಲವೇ ಇಲ್ಲ. ಐಎಸ್‌ಒ ಹೆಸರು ಲಿನಕ್ಸ್ ಮಿಂಟ್ 19.3, ಸಿನಮನ್ (ಡೆಸ್ಕ್‌ಟಾಪ್‌ನ ಹೆಸರು), 32-ಬಿಟ್. ನನ್ನ ಲ್ಯಾಪ್‌ಟಾಪ್‌ನಲ್ಲಿ 4 ಜಿಬಿ ರ‍್ಯಾಮ್ ಮಾತ್ರ ಇರುವುದು. 4 ಜಿಬಿಗೆ 32-ಬಿಟ್ ಸಾಕು, 64-ಬಿಟ್ ನಿಧಾನ ಆಗುತ್ತದೆ ಅಂತ ಪರಿಚಯದವರೊಬ್ಬರು ಹೇಳಿದ್ದರು.

ಹಳೇ_ಮದರ್‌ಬೋರ್ಡ್:
ಸಿಕ್ಕಿತು. ಮಿಂಟ್‌ನ 32-ಬಿಟ್ ಐಎಸ್‌ಒಗಳು ಬಯೋಸ್‌ನಲ್ಲಿ ಮಾತ್ರ ಬೂಟ್ ಆಗುತ್ತವೆ. 64-ಬಿಟ್‌ನವು ಬಯೋಸ್, ಯುಇಎಫ್‌ಐ ಎರಡರಲ್ಲೂ ಆಗುತ್ತವೆ. ನೀವು ರೂಫಸ್‌ನಲ್ಲಿ ಏನು ಬದಲಿಸಿದರೂ ಆ ಐಎಸ್‌ಒದಲ್ಲಿ ಇಲ್ಲದ ಫೈಲ್ ಪೆನ್‌ಡ್ರೈವ್‌ಗೆ ಬರುವುದಿಲ್ಲ.

32 ಬೇಕೋ 64 ಬೇಕೋ ಅನ್ನುವುದನ್ನು ನಿರ್ಧರಿಸುವುದು ಪ್ರೊಸೆಸರ್, ರ‍್ಯಾಮ್ ಅಲ್ಲ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ 'ಅಬೌಟ್' ಪುಟ ತೆರೆದರೆ 'ಸಿಸ್ಟಮ್ ಟೈಪ್' ಅಂತ ಒಂದು ಸಾಲು ಇರುತ್ತದೆ. ಅಲ್ಲಿ 'ಎಕ್ಸ್64 ಪ್ರೊಸೆಸರ್' ಅಂತ ಇದ್ದರೆ 64-ಬಿಟ್ ಹಾಕಬಹುದು. ಈಗಿನ ಮಿಂಟ್‌ಗೆ ಕನಿಷ್ಠ 2 ಜಿಬಿ, ಆರಾಮಾಗಿ ಇರಬೇಕಾದರೆ 4 ಜಿಬಿ ಅಂತ ಅವರೇ ಹೇಳುತ್ತಾರೆ. ಹಗುರವಾಗಿರಲಿ ಅಂದರೆ ಸಿನಮನ್ ಬದಲು ಎಕ್ಸ್‌ಎಫ್‌ಸಿಇ ಆವೃತ್ತಿ ತೆಗೆದುಕೊಳ್ಳಿ.

ಟಕ್ಸ್_ಗೆಳತಿ:
ಅದೂ ಅಲ್ಲದೆ ಮಿಂಟ್ 19.3ರ ಬೆಂಬಲ 2023ರ ಏಪ್ರಿಲ್‌ನಲ್ಲೇ ಮುಗಿದಿದೆ. ಬೆಂಬಲ ಮುಗಿದ ವಿಂಡೋಸ್ ಬೇಡ ಅಂತ, ಅದಕ್ಕಿಂತ ಮುಂಚೆ ಬೆಂಬಲ ಮುಗಿದ ಮಿಂಟ್ ಹಾಕಲು ಹೊರಟಿದ್ದಿರಿ! ಒಂದು ಲೆಕ್ಕದಲ್ಲಿ ಬೂಟ್ ಆಗದೇ ಇದ್ದದ್ದೇ ಒಳ್ಳೆಯದಾಯಿತು.

ಹೊಸ ಐಎಸ್‌ಒ ಇಳಿಸಿದ ಮೇಲೆ ಶಾ-256 (ಫೈಲ್ ಹಾಳಾಗಿಲ್ಲ ಅಂತ ತಿಳಿಯಲು ಬಳಸುವ ಗುರುತು) ಹೊಂದುತ್ತದಾ ನೋಡಿ. ವಿಂಡೋಸ್‌ನ ಪವರ್‌ಶೆಲ್‌ನಲ್ಲಿ 'ಗೆಟ್-ಫೈಲ್‌ಹ್ಯಾಶ್' ಅಂತ ಕಮಾಂಡ್ ಇದೆ, ಅದರ ಮುಂದೆ ಫೈಲಿನ ಹೆಸರು ಕೊಟ್ಟರೆ 64 ಅಕ್ಷರಗಳ ಸಾಲು ಕೊಡುತ್ತದೆ. ಮಿಂಟ್‌ನ ಅಧಿಕೃತ ಪುಟದಲ್ಲಿ ಇರುವುದಕ್ಕೆ ಹೋಲಿಸಿ. ಕೊನೆಯ ನಾಲ್ಕು ಅಕ್ಷರ ನೋಡಿ ಬಿಡಬೇಡಿ, ಪೂರ್ತಿ ನೋಡಿ.

ಮತ್ತೆ ಸೆಕ್ಯೂರ್ ಬೂಟ್ ಆನ್ ಮಾಡಿಬಿಡಿ. ಮಿಂಟ್, ಉಬುಂಟು, ಫೆಡೋರಾ ಇವಕ್ಕೆಲ್ಲ ಅದನ್ನು ಆಫ್ ಮಾಡುವ ಅಗತ್ಯ ಇಲ್ಲ. ಇವುಗಳ 'ಶಿಮ್' ಅನ್ನುವ ಮೊದಲ ಬೂಟ್‌ಲೋಡರ್‌ಗೆ ಮೈಕ್ರೋಸಾಫ್ಟ್‌ನ ಸಹಿ ಇರುತ್ತದೆ. ಆರ್ಚ್ ಲಿನಕ್ಸ್‌ನ ಅಧಿಕೃತ ಐಎಸ್‌ಒ ಆಗಿದ್ದರೆ ಮಾತು ಬೇರೆ, ಅದಕ್ಕೆ ಸಹಿ ಇಲ್ಲ.

ಇಣುಕುನೋಟ:
ನನಗೆ ಇಲ್ಲೇ ಒಂದು ಪ್ರಶ್ನೆ ಇದೆ. ಸಹಿ ಇದ್ದರೂ ನನ್ನ ಹಳೇ ಉಬುಂಟು ಪೆನ್‌ಡ್ರೈವ್ ಹಾಕಿದರೆ ಕಪ್ಪು ಪರದೆಯಲ್ಲಿ 'ಎಸ್‌ಬ್ಯಾಟ್ ಸೆಲ್ಫ್-ಚೆಕ್ ಫೇಲ್ಡ್, ಸೆಕ್ಯೂರಿಟಿ ಪಾಲಿಸಿ ವಯೊಲೇಶನ್' ಅಂತ ಬಂದು ಯಂತ್ರ ಆಫ್ ಆಗುತ್ತದೆ. ಇದೇ ಪೆನ್‌ಡ್ರೈವ್ ಮುಂಚೆ ಇದೇ ಯಂತ್ರದಲ್ಲಿ ಚೆನ್ನಾಗಿ ಬೂಟ್ ಆಗುತ್ತಿತ್ತು.

ಹಳೇ_ಮದರ್‌ಬೋರ್ಡ್:
ನಿಮ್ಮದು ಎರಡನೇ ಘಟ್ಟ. ಪೆನ್‌ಡ್ರೈವ್ ಕಂಡಿತು, ಬೂಟ್‌ಲೋಡರ್ ಶುರುವಾಗುವ ಹೊತ್ತಿಗೆ ತಡೆದರು. 2024ರ ಆಗಸ್ಟ್‌ನ ವಿಂಡೋಸ್ ಅಪ್‌ಡೇಟ್‌ನಲ್ಲಿ ಭದ್ರತಾ ದೋಷ ಇರುವ ಹಳೇ ಶಿಮ್‌ಗಳನ್ನು ಒಪ್ಪಬಾರದು ಅನ್ನುವ ಪಟ್ಟಿ ಯಂತ್ರದ ಫರ್ಮ್‌ವೇರ್‌ಗೇ ಸೇರಿತು. ವಿಂಡೋಸ್, ಲಿನಕ್ಸ್ ಎರಡೂ ಇಟ್ಟುಕೊಂಡವರು ಆಗ ಸಾಕಷ್ಟು ಜನ ಒದ್ದಾಡಿದರು. ಆ ಪಟ್ಟಿ ಫರ್ಮ್‌ವೇರ್‌ನ ನೆನಪಿನಲ್ಲಿ ಉಳಿಯುತ್ತದೆ, ವಿಂಡೋಸ್ ತೆಗೆದರೂ ಹೋಗುವುದಿಲ್ಲ. ಹೊಸ ಐಎಸ್‌ಒ ಇಳಿಸಿ ಬರೆದರೆ ಸಾಕು, ಅದರಲ್ಲಿ ಹೊಸ ಶಿಮ್ ಇರುತ್ತದೆ.

ಇಣುಕುನೋಟ:
ಹೊಸ ಐಎಸ್‌ಒದಲ್ಲಿ ಬಂತು. ಧನ್ಯವಾದ. ಹಳೇದು ಕೆಟ್ಟುಹೋಗಿದೆ ಅಂತ ಎಸೆಯಲು ಹೊರಟಿದ್ದೆ.

ಪೆನ್‌ಡ್ರೈವ್_ಪೀಡಿತ:
ಮಿಂಟ್ 22, ಎಕ್ಸ್‌ಎಫ್‌ಸಿಇ, 64-ಬಿಟ್. ಶಾ-256 ಹೊಂದಿತು. ಸೆಕ್ಯೂರ್ ಬೂಟ್ ಆನ್ ಮಾಡಿದೆ. ಎಫ್12 ಮೆನುವಿನಲ್ಲಿ ಈಗ 'ಯುಇಎಫ್‌ಐ' ಅಂತ ಶುರುವಾಗಿ ಪೆನ್‌ಡ್ರೈವ್ ಹೆಸರು ಬರುತ್ತಿದೆ. ಡೆಸ್ಕ್‌ಟಾಪ್ ಬಂತು, ವೈಫೈ ಕೂಡ ಕೆಲಸ ಮಾಡಿತು. ಎಲ್ಲರಿಗೂ ತುಂಬಾ ಧನ್ಯವಾದ. ಸ್ವಲ್ಪ ದಿನ ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಿ ಆಮೇಲೆ ಇನ್‌ಸ್ಟಾಲ್ ಮಾಡುತ್ತೇನೆ.

ಪೆನ್‌ಡ್ರೈವ್_ಪೀಡಿತ:
ಮತ್ತೆ ನಾನೇ. ಇವತ್ತು ಬೂಟ್ ಆಗುತ್ತಿಲ್ಲ! ಮಿಂಟ್‌ನ ಮೆನು ಬರುತ್ತದೆ, ಎಂಟರ್ ಒತ್ತುತ್ತೇನೆ, ಲೋಗೊ ಸ್ವಲ್ಪ ಹೊತ್ತು ಇರುತ್ತದೆ, ಆಮೇಲೆ ಕಪ್ಪು ಪರದೆಯ ಮೇಲೆ 'ಸ್ಕ್ವಾಷ್‌ಎಫ್‌ಎಸ್ ಎರರ್, ಅನೇಬಲ್ ಟು ರೀಡ್' ಅಂತ ಸಾಲು ಸಾಲಾಗಿ ಓಡುತ್ತದೆ. ಬಯೋಸ್‌ನಲ್ಲಿ ಏನೂ ಮುಟ್ಟಿಲ್ಲ. ಪೆನ್‌ಡ್ರೈವ್ ಅನ್ನು ಮತ್ತೆ ಬರೆದರೆ ಮೊದಲ ಸಲ ಸರಿಯಾಗಿ ಬರುತ್ತದೆ. ಬಳಸಿ, ಆಫ್ ಮಾಡಿ, ಮತ್ತೆ ಆನ್ ಮಾಡಿದರೆ ಇದೇ ಗೋಳು. ತಲೆ ಕೆಟ್ಟುಹೋಗಿದೆ.

ರೀಸ್ಟಾರ್ಟ್_ರಾಯ:
ಗ್ರಾಫಿಕ್ಸ್ ತೊಂದರೆ ಇರಬೇಕು. ಮೆನುವಿನಲ್ಲಿ 'ಇ' ಒತ್ತಿ 'ಲಿನಕ್ಸ್' ಅಂತ ಶುರುವಾಗುವ ಸಾಲಿನ ಕೊನೆಗೆ 'ನೊಮೋಡ್‌ಸೆಟ್' ಸೇರಿಸಿ ಎಫ್10 ಒತ್ತಿ.

ಟಕ್ಸ್_ಗೆಳತಿ:
ಪರದೆ ಬರೀ ಕಪ್ಪಾಗಿ ನಿಂತಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಇಲ್ಲಿ ಹಾಗಲ್ಲ, ಓದಲು ಆಗುತ್ತಿಲ್ಲ ಅಂತ ಕರ್ನಲ್ಲೇ ಬಾಯಿಬಿಟ್ಟು ಹೇಳುತ್ತಿದೆ. ಸ್ಕ್ವಾಷ್‌ಎಫ್‌ಎಸ್ ಅಂದರೆ ಪೂರ್ತಿ ಸಿಸ್ಟಮ್ ಅನ್ನು ಅದುಮಿ ತುಂಬಿಟ್ಟಿರುವ ಒಂದು ದೊಡ್ಡ ಫೈಲ್. ನಿಮ್ಮ 'ಕ್ಯಾಸ್ಪರ್' ಫೋಲ್ಡರ್‌ನಲ್ಲಿ ಎಲ್ಲಕ್ಕಿಂತ ದೊಡ್ಡದು ಅದೇ. ಅದರೊಳಗೆ ಎಲ್ಲೋ ಹಾಳಾಗಿದೆ.

ಮೊದಲ ಸಲ ಬಂದು, ಬಳಸಿದ ಮೇಲೆ ಹಾಳಾಗುತ್ತದೆ ಅನ್ನುವುದೇ ವಿಚಿತ್ರ. ಲೈವ್ ಸಿಸ್ಟಮ್ (ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಓಡುವುದು) ಪೆನ್‌ಡ್ರೈವ್‌ಗೆ ಏನನ್ನೂ ಬರೆಯಬಾರದು, ಬರೀ ಓದಬೇಕು. ರೂಫಸ್‌ನಲ್ಲಿ 'ಪರ್ಸಿಸ್ಟೆಂಟ್ ಪಾರ್ಟಿಶನ್' ಅನ್ನುವ ಸ್ಲೈಡರ್ ಎಳೆದಿದ್ದಿರಾ?

ಪೆನ್‌ಡ್ರೈವ್_ಪೀಡಿತ:
ಹೌದು ಮೇಡಂ. ಸೆಟ್ಟಿಂಗ್‌ಗಳು ಉಳಿಯಲಿ ಅಂತ 100 ಜಿಬಿ ಕೊಟ್ಟಿದ್ದೆ. ಹಾಗೆ ಕೊಡಬಾರದಾ?

ಹಳೇ_ಮದರ್‌ಬೋರ್ಡ್:
ಕೊಡಬಹುದು, ಅದೇನೂ ದೋಷ ಅಲ್ಲ. ಆದರೆ ಈಗ ನನಗೆ ನಿಮ್ಮ ಪೆನ್‌ಡ್ರೈವ್ ಮೇಲೇ ಅನುಮಾನ. ಅದು ನಿಜವಾಗಿ 128 ಜಿಬಿನಾ?

ಯುಎಸ್‌ಬಿ ಡ್ರೈವ್ ಒಳಗೆ ಮೆಮೊರಿ ಚಿಪ್ ಒಂದು, ಅದನ್ನು ನೋಡಿಕೊಳ್ಳುವ ಕಂಟ್ರೋಲರ್ ಒಂದು. ಕಂಪ್ಯೂಟರ್ ಗಾತ್ರ ಎಷ್ಟು ಅಂತ ಕೇಳುವುದು ಕಂಟ್ರೋಲರ್‌ನ ಹತ್ತಿರ. ನಕಲಿ ಮಾಡುವವರು 8 ಜಿಬಿ ಚಿಪ್ ಇಟ್ಟು, 128 ಅಂತ ಹೇಳು ಅಂತ ಕಂಟ್ರೋಲರ್‌ಗೆ ಕಲಿಸಿರುತ್ತಾರೆ. ವಿಂಡೋಸ್ ಅದನ್ನು ನಂಬುತ್ತದೆ, ರೂಫಸ್ ನಂಬುತ್ತದೆ, ಫಾರ್ಮ್ಯಾಟ್ ಕೂಡ ಆಗುತ್ತದೆ. 8 ಜಿಬಿ ದಾಟಿ ಬರೆದಾಗ ಏನಾಗುತ್ತದೆ? ಕೆಲವು ನಕಲಿಗಳಲ್ಲಿ ಬರೆದದ್ದು ಎಲ್ಲೂ ಸೇರದೆ ಕಳೆದುಹೋಗುತ್ತದೆ. ಕೆಲವು ಸುತ್ತಿಕೊಂಡು ಬಂದು ಮೊದಲಿನಿಂದ ಬರೆಯುತ್ತವೆ. 8 ಹಾಳೆಯ ನೋಟ್‌ಬುಕ್‌ಗೆ 128 ಹಾಳೆ ಅಂತ ರಟ್ಟಿನ ಮೇಲೆ ಬರೆದ ಹಾಗೆ. ಒಂಬತ್ತನೇ ಹಾಳೆ ಬೇಕು ಅಂದರೆ ಮೊದಲನೇ ಹಾಳೆಯನ್ನೇ ತೆಗೆದುಕೊಡುತ್ತದೆ, ಅದರ ಮೇಲೆ ಬರೆದಾಗಿದ್ದರೂ ಸರಿ.

ಈಗ ನಿಮ್ಮ ಕತೆಗೆ ಹೊಂದಿಸಿ ನೋಡಿ. ಮಿಂಟ್‌ನ ಫೈಲ್‌ಗಳು 3 ಜಿಬಿ ಹತ್ತಿರ, ಅವು ಮೊದಲಲ್ಲೇ ಕೂತಿವೆ. ಪರ್ಸಿಸ್ಟೆಂಟ್ ಪಾರ್ಟಿಶನ್ ಕೊನೆಯ 100 ಜಿಬಿಯಲ್ಲಿ. ಮೊದಲ ಬೂಟ್ ಚೆನ್ನಾಗಿ ಆಗುತ್ತದೆ. ನೀವು ವೈಫೈ ಪಾಸ್‌ವರ್ಡ್ ಹಾಕುತ್ತೀರಿ, ಬ್ರೌಸರ್ ತೆರೆಯುತ್ತೀರಿ. ಅದೆಲ್ಲ ಆ 100 ಜಿಬಿಯಲ್ಲಿ ಉಳಿಯಬೇಕು. ಅಲ್ಲಿ ಜಾಗವೇ ಇಲ್ಲ, ಸುತ್ತಿ ಬಂದು ಮಿಂಟ್‌ನ ಫೈಲ್‌ಗಳ ಮೇಲೇ ಬರೆಯುತ್ತದೆ. ಮುಂದಿನ ಸಲ ಓದಲು ಹೋದರೆ ಸ್ಕ್ವಾಷ್‌ಎಫ್‌ಎಸ್ ಎರರ್.

ಇದು ನನ್ನ ಊಹೆ. ಪರೀಕ್ಷೆ ಮಾಡಿದರೆ ಗೊತ್ತಾಗುತ್ತದೆ. ವಿಂಡೋಸ್‌ನಲ್ಲಿ 'ಎಚ್2ಟೆಸ್ಟ್‌ಡಬ್ಲ್ಯು', ಲಿನಕ್ಸ್‌ನಲ್ಲಿ 'ಎಫ್3'. ಮೊದಲು ಪೆನ್‌ಡ್ರೈವ್ ಪೂರ್ತಿ ಅಳಿಸಿ, ಒಂದೇ ಪಾರ್ಟಿಶನ್ ಮಾಡಿ, ಖಾಲಿ ಇರುವಾಗ ಪರೀಕ್ಷೆ ಮಾಡಿ. ಡ್ರೈವ್ ತುಂಬಾ ಬರೆದು, ಮತ್ತೆ ಓದಿ ಹೋಲಿಸುತ್ತದೆ. ಹೊತ್ತು ಹಿಡಿಯುತ್ತದೆ, ಮಧ್ಯದಲ್ಲಿ ನಿಲ್ಲಿಸಬೇಡಿ.

ನೀಲಿಪರದೆ:
ಪೆನ್‌ಡ್ರೈವ್ ಸರಿ ಇದೆಯಾ, ಲ್ಯಾಪ್‌ಟಾಪ್ ಸರಿ ಇಲ್ಲವಾ ಅಂತ ತಿಳಿಯಲು ವರ್ಚುವಲ್ ಯಂತ್ರದಲ್ಲಿ (ಸಾಫ್ಟ್‌ವೇರ್ ಒಳಗೇ ಓಡುವ ಕಂಪ್ಯೂಟರ್) ಬೂಟ್ ಮಾಡಿ ನೋಡಬಹುದಲ್ಲ? ನಾನು ಕ್ಯೂಎಮುನಲ್ಲಿ ನೋಡುತ್ತೇನೆ.

(ನನ್ನ ವಿಂಡೋಸ್ ಪೆನ್‌ಡ್ರೈವ್ ಆಯಿತು, ವಿಮ್ ಫೈಲ್ ತುಂಡು ಮಾಡಿದೆ. ಹೇಳಲು ಮರೆತಿದ್ದೆ.)

ಟಕ್ಸ್_ಗೆಳತಿ:
ನೋಡಬಹುದು, ಒಳ್ಳೆಯ ಉಪಾಯ. ಆದರೆ ಕ್ಯೂಎಮು ತಾನಾಗಿ ಶುರುವಾಗುವುದು ಹಳೇ ಬಯೋಸ್ ಮೋಡ್‌ನಲ್ಲಿ. ಯುಇಎಫ್‌ಐ ಪರೀಕ್ಷೆ ಆಗಬೇಕಾದರೆ 'ಒವಿಎಂಎಫ್' ಫರ್ಮ್‌ವೇರ್ ಕೊಟ್ಟು ಓಡಿಸಬೇಕು. ಇಲ್ಲದಿದ್ದರೆ ಪೀಡಿತರ ಆ ಮೊದಲ 32-ಬಿಟ್ ಪೆನ್‌ಡ್ರೈವ್ ಅಲ್ಲಿ ಚೆನ್ನಾಗಿಯೇ ಬೂಟ್ ಆಗಿ, ಲ್ಯಾಪ್‌ಟಾಪೇ ಕೆಟ್ಟಿದೆ ಅನ್ನುವ ತೀರ್ಮಾನಕ್ಕೆ ಬರುತ್ತಿದ್ದೆವು.

ಇಂಥ ನಕಲಿ ಡ್ರೈವ್ ಕೂಡ ಅಲ್ಲಿ ಒಂದು ಸಲ ಪಾಸಾಗಿಬಿಡಬಹುದು. ಅದಕ್ಕೆ ತುಂಬಾ ಬರೆದು ಓದುವ ಪರೀಕ್ಷೆಯೇ ಬೇಕು. ರೂಫಸ್‌ನಲ್ಲೂ ಕೆಟ್ಟ ಬ್ಲಾಕ್‌ಗಳನ್ನು ಹುಡುಕುವ ಒಂದು ಟಿಕ್ ಇದೆ, ಅದನ್ನು ಹಾಕಿದರೆ ಬರೆಯುವ ಮುಂಚೆಯೇ ಹಿಡಿಯಬಹುದು. ಯಾರೂ ಹಾಕುವುದಿಲ್ಲ, ಯಾಕಂದರೆ ನಿಧಾನ.

ಪೆನ್‌ಡ್ರೈವ್_ಪೀಡಿತ:
ರಾತ್ರಿ ಹಚ್ಚಿ ಬಿಟ್ಟಿದ್ದೆ, ಬೆಳಿಗ್ಗೆ ನೋಡಿದೆ. ಎಚ್2ಟೆಸ್ಟ್‌ಡಬ್ಲ್ಯು ಕೆಂಪು ಅಕ್ಷರದಲ್ಲಿ 'ದಿ ಮೀಡಿಯಾ ಈಸ್ ಲೈಕ್ಲಿ ಟು ಬಿ ಡಿಫೆಕ್ಟಿವ್' ಅಂತ ತೋರಿಸುತ್ತಿದೆ. ಸರಿ ಇರುವುದು 7 ಜಿಬಿ ಚಿಲ್ಲರೆ, ಉಳಿದದ್ದೆಲ್ಲ ಹೋಯಿತು. 'ಓವರ್‌ರಿಟನ್' ಅನ್ನುವ ಸಾಲಿನಲ್ಲೇ ಹೆಚ್ಚಿನದೆಲ್ಲ ಸೇರಿದೆ. ಸರ್ ಹೇಳಿದ ಹಾಗೇ ಸುತ್ತಿಕೊಂಡಿದೆ.

ಆನ್‌ಲೈನ್‌ನಲ್ಲಿ ತಗೊಂಡಿದ್ದು. ಕಮ್ಮಿಗೆ ಸಿಗುತ್ತಿದೆ ಅಂತ ಕಂಡಾಗಲೇ ಅನುಮಾನ ಬರಬೇಕಿತ್ತಾ?

ಹಳೇ_ಮದರ್‌ಬೋರ್ಡ್:
ಕಮ್ಮಿ ಬೆಲೆಯೊಂದರಿಂದಲೇ ಹೇಳಲು ಬರುವುದಿಲ್ಲ. ಹೊಸ ಡ್ರೈವ್ ಬಂದ ದಿನವೇ ಈ ಪರೀಕ್ಷೆ ಮಾಡಿಬಿಟ್ಟರೆ ವಾಪಸ್ ಕೊಡಲು ಅವಧಿ ಇರುತ್ತದೆ. ಪರೀಕ್ಷೆಯ ಆ ಪರದೆಯ ಚಿತ್ರ ಇಟ್ಟುಕೊಳ್ಳಿ, ಮಾರಿದವರ ಹತ್ತಿರ ಮಾತಾಡಲು ಬೇಕಾಗುತ್ತದೆ.

ಆ ಡ್ರೈವ್‌ಗೆ ಮೊದಲ 7 ಜಿಬಿಯ ಪಾರ್ಟಿಶನ್ ಮಾಡಿಕೊಂಡು ಬಳಸಬಹುದು ಅನ್ನುವವರು ಈಗ ಬಂದೇ ಬರುತ್ತಾರೆ. ನಾನು ಬಳಸುವುದಿಲ್ಲ. ಗಾತ್ರದಲ್ಲೇ ಸುಳ್ಳು ಹೇಳಿದ್ದರ ಒಳಗಿನ ಚಿಪ್ ಎಂಥದ್ದೋ.

ರೀಸ್ಟಾರ್ಟ್_ರಾಯ:
7 ಜಿಬಿ ಪಾರ್ಟಿಶನ್ ಮಾಡಿ ಬಳಸಬಹುದು ಅಂತಲೇ ಬರೆಯಲು ಬಂದಿದ್ದೆ 😄 ಸರಿ ಬಿಡಿ.

ಪೆನ್‌ಡ್ರೈವ್_ಪೀಡಿತ:
ಕಚೇರಿಯ ಸಹೋದ್ಯೋಗಿಯಿಂದ 16 ಜಿಬಿ ಪೆನ್‌ಡ್ರೈವ್ ಇಸಿದುಕೊಂಡು ಬಂದೆ. ಮೊದಲು ಎಚ್2ಟೆಸ್ಟ್‌ಡಬ್ಲ್ಯು ಓಡಿಸಿದೆ, ಪಾಸ್. ಪರ್ಸಿಸ್ಟೆಂಟ್ ಬೇಡ ಅಂತ ಹಾಗೇ ಬರೆದೆ. ಮಿಂಟ್‌ನ ಬೂಟ್ ಮೆನುವಿನಲ್ಲಿ 'ಇಂಟೆಗ್ರಿಟಿ ಚೆಕ್' ಅಂತ ಇತ್ತು, ಅದನ್ನೂ ಓಡಿಸಿದೆ, ಅದೂ ಪಾಸ್. ಈಗ ಇನ್‌ಸ್ಟಾಲ್ ಶುರು ಮಾಡಿದ್ದೇನೆ. ವಿಂಡೋಸ್ ಪಕ್ಕದಲ್ಲೇ ಇರಲಿ ಅಂತ 'ಅಲಾಂಗ್‌ಸೈಡ್' ಆಯ್ಕೆ ಮಾಡಿದೆ, ಫೈಲ್‌ಗಳನ್ನೆಲ್ಲ ಬೇರೆ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿಟ್ಟಿದ್ದೇನೆ. ಮುಗಿದ ಮೇಲೆ ಪೆನ್‌ಡ್ರೈವ್ ಯಾವಾಗ ತೆಗೆಯಬೇಕು?

ಟಕ್ಸ್_ಗೆಳತಿ:
ಮುಗಿದ ಮೇಲೆ ರೀಸ್ಟಾರ್ಟ್ ಕೇಳುತ್ತದೆ. ಒತ್ತಿ. 'ಇನ್‌ಸ್ಟಾಲೇಶನ್ ಮೀಡಿಯಂ ತೆಗೆದು ಎಂಟರ್ ಒತ್ತಿ' ಅನ್ನುವ ಅರ್ಥದ ಸಾಲು ಬರುತ್ತದೆ. ಆಗ ತೆಗೆಯಿರಿ, ಅದಕ್ಕೆ ಮುಂಚೆ ಬೇಡ.

ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿಬಿಡಿ. ಇಲ್ಲದಿದ್ದರೆ ಮಿಂಟ್‌ನಿಂದ ವಿಂಡೋಸ್ ಪಾರ್ಟಿಶನ್ ತೆರೆಯಲು ಹೋದಾಗ ಅದು ಅರ್ಧ ನಿದ್ದೆಯಲ್ಲಿರುತ್ತದೆ, ಬರೀ ಓದಲು ಮಾತ್ರ ಬಿಡುತ್ತದೆ.

ಪೆನ್‌ಡ್ರೈವ್_ಪೀಡಿತ:
ಆಯಿತು, ಪೆನ್‌ಡ್ರೈವ್ ತೆಗೆದೆ. ಆದರೆ ಸೀದಾ ವಿಂಡೋಸೇ ಬಂತು. ಎಫ್12 ಮೆನುವಿನಲ್ಲಿ ಮಿಂಟ್ ಅಂತ ಎಲ್ಲೂ ಇಲ್ಲ. 'ಉಬುಂಟು' ಅಂತ ಒಂದು ಹೊಸ ಸಾಲು ಬಂದಿದೆ. ನಾನು ಉಬುಂಟು ಹಾಕೇ ಇಲ್ಲವಲ್ಲ!

ಹಳೇ_ಮದರ್‌ಬೋರ್ಡ್:
ಅದೇ ನಿಮ್ಮ ಮಿಂಟ್. ಉಬುಂಟುವಿನ ಸಹಿ ಇರುವ ಬೂಟ್‌ಲೋಡರ್ ಅನ್ನೇ ಮಿಂಟ್ ಬಳಸುತ್ತದೆ, ಆದ್ದರಿಂದ ಇಎಫ್‌ಐ ಪಾರ್ಟಿಶನ್‌ನಲ್ಲಿ ಫೋಲ್ಡರ್ ಹೆಸರೂ 'ಉಬುಂಟು' ಅಂತಲೇ ಇರುತ್ತದೆ. ಬಯೋಸ್‌ನ ಬೂಟ್ ಆರ್ಡರ್‌ನಲ್ಲಿ ಅದನ್ನು ವಿಂಡೋಸ್ ಬೂಟ್ ಮ್ಯಾನೇಜರ್‌ಗಿಂತ ಮೇಲೆ ತನ್ನಿ. ಆಮೇಲೆ ಆನ್ ಮಾಡಿದಾಗ ಎರಡರಲ್ಲಿ ಯಾವುದು ಬೇಕು ಅಂತ ಕೇಳುವ ಮೆನು ಬರುತ್ತದೆ.

ಪೆನ್‌ಡ್ರೈವ್_ಪೀಡಿತ:
ಬಂತು. ಮಿಂಟ್‌ನಿಂದಲೇ ಇದನ್ನು ಬರೆಯುತ್ತಿದ್ದೇನೆ. ಕನ್ನಡ ಕೀಬೋರ್ಡ್ ಹಾಕಿಕೊಳ್ಳುವುದು ಹೇಗೆ ಅಂತ ಬೇರೆ ಎಳೆಯಲ್ಲಿ ಕೇಳುತ್ತೇನೆ.